ಟೆಲಿಕನ್ವರ್ಟರ್ ಹಾಕಿದ್ರೆ ಫೋಕಸ್ ಯಾಕೆ ಕೈಕೊಡ್ತಿತ್ತು? (ಭಾಗ 3)

ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಿಂತು, ದೂರದ ಹೆಜ್ಜಾರ್ಲೆ ಕಡೆ 400 ಎಂಎಂ ಲೆನ್ಸ್ ತಿರುಗಿಸಿದವರಿಗೆ ಗೊತ್ತು, ಅದು ಸಾಲಲ್ಲ. 1.4 ಪಟ್ಟಿನ ಟೆಲಿಕನ್ವರ್ಟರ್ ಹಾಕಿದ್ರೆ 560 ಆಗುತ್ತೆ. ಆದ್ರೆ ಒಂದು ಸ್ಟಾಪ್ ಬೆಳಕು ಹೋಗಿ, ಎಫ್/5.6 ಇದ್ದದ್ದು ಎಫ್/8 ಆಗುತ್ತೆ.

ತೊಂದರೆ ಶುರುವಾಗಿದ್ದೇ ಅಲ್ಲಿ. 1985ರಲ್ಲಿ ಮಿನೋಲ್ಟಾ 7000 ಬಂದಮೇಲೆ ಎಸ್‌ಎಲ್‌ಆರ್‌ಗಳಲ್ಲಿ ಆಟೋಫೋಕಸ್ ಮಾಮೂಲಾಗ್ತಾ ಹೋಯ್ತು. ಈ ಕ್ಯಾಮೆರಾಗಳು ಲೆನ್ಸಿನ ಎರಡು ಎದುರುಬದುರು ಅಂಚುಗಳಿಂದ ಬರೋ ಬೆಳಕನ್ನು ಹೋಲಿಸಿ ಫೋಕಸ್ ಹುಡುಕ್ತವೆ. ಬಹುತೇಕ ಸೆನ್ಸರ್‌ಗಳ ಲೆಕ್ಕಾಚಾರ ಎಫ್/5.6ಕ್ಕೇ ಮುಗಿದಿತ್ತು. ಕಿಂಡಿ ಅದಕ್ಕಿಂತ ಕಿರಿದಾದ್ರೆ ಅಂಚಿನ ಬೆಳಕು ಸರಿಯಾಗಿ ತಲುಪಲ್ಲ. ಹಾಗಾಗಿ ಎಷ್ಟೋ ಕ್ಯಾಮೆರಾಗಳು ಆಟೋಫೋಕಸನ್ನೇ ನಿಲ್ಲಿಸಿಬಿಡ್ತಿದ್ದವು. ಕೆಲವರು ಕನ್ವರ್ಟರ್‌ನ ಪಿನ್‌ಗಳಿಗೆ ಟೇಪ್ ಅಂಟಿಸಿ ಕ್ಯಾಮೆರಾಗೇ ಸುಳ್ಳು ಹೇಳ್ತಿದ್ರು! ಒಳ್ಳೆ ಬಿಸಿಲಲ್ಲಿ ನಡೀತಿತ್ತು. ಮೋಡ ಕವಿದ್ರೆ ಲೆನ್ಸ್ ಹಿಂದೆ ಮುಂದೆ ತಡಕಾಡ್ತಾ ಕೂರ್ತಿತ್ತು, ಅಷ್ಟರಲ್ಲಿ ಹಕ್ಕಿ ಹಾರಿರೋದು.

ಕ್ಯಾನನ್ 1998ರ ಇಒಎಸ್-3ರಲ್ಲಿ ನಡುವಿನ ಬಿಂದುವಿಗೆ ಎಫ್/8 ಕೊಟ್ಟಿತು. ನಿಕಾನ್ ಡಿ4 2012ರಲ್ಲಿ. ಮರುವರ್ಷ 5ಡಿ ಮಾರ್ಕ್ 3ಗೆ ಬರೀ ಫರ್ಮ್‌ವೇರ್ ಅಪ್‌ಡೇಟ್‌ನಿಂದಲೇ ಬಂತು. ಮಿರರ್‌ಲೆಸ್‌ನಲ್ಲಿ ಚಿತ್ರ ತೆಗೆಯೋ ಸೆನ್ಸರೇ ಫೋಕಸ್ಸನ್ನೂ ಅಳೆಯುತ್ತೆ. 2020ರ ಕ್ಯಾನನ್ ಆರ್5 ಎಫ್/22ವರೆಗೂ ಹೋಗುತ್ತೆ.

ಹಳೇ ಡಿಎಸ್‌ಎಲ್‌ಆರ್ ಸೆಕೆಂಡ್‌ಹ್ಯಾಂಡ್ ತಗೊಂಡಿದ್ದೀರಾ? ಕನ್ವರ್ಟರ್ ಬೆಲೆ ವಿಚಾರಿಸೋ ಮೊದಲು ನಿಮ್ಮ ಬಾಡಿ ಎಫ್/8ರಲ್ಲಿ ಫೋಕಸ್ ಮಾಡುತ್ತಾ ನೋಡ್ಕೊಳ್ಳಿ. ಮಾಡಲ್ಲ ಅಂದ್ರೆ ಆ ದುಡ್ಡಲ್ಲಿ ನಾಲ್ಕು ಸಲ ರಂಗನತಿಟ್ಟಿನ ದೋಣಿ ಹತ್ತಿ. ಅಲ್ಲಿ ಹಕ್ಕಿಗಳು ಹತ್ತಿರಾನೇ ಸಿಗ್ತವೆ.