ಗ್ರಿಗೋರಿ ಅಲೆಕ್ಸಾಂಡ್ರೋವ್: ಭಯದ ಕಾಲದ ನಗೆಚಿತ್ರಗಳು

ಗ್ರಿಗೋರಿ ಅಲೆಕ್ಸಾಂಡ್ರೋವ್ (1903-1983) ಸೋವಿಯತ್ ಒಕ್ಕೂಟದ ಸಂಗೀತಪ್ರಧಾನ ಹಾಸ್ಯಚಿತ್ರಗಳ ಅಗ್ರಗಣ್ಯ ನಿರ್ದೇಶಕ. 1930ರ ದಶಕದಲ್ಲಿ ಹಾಡು, ಕುಣಿತ ಮತ್ತು ನಗೆಯಿಂದ ಅವರು ಇಡೀ ದೇಶವನ್ನು ರಂಜಿಸಿದರು. ಅದೇ ವರ್ಷಗಳಲ್ಲಿ ಅವರ ಆಪ್ತ ಸಹೋದ್ಯೋಗಿಗಳು ಸ್ಟಾಲಿನ್ ಆಡಳಿತದ ದಮನಕ್ಕೆ ತುತ್ತಾದರು.

ಯೆಕಟೆರಿನ್‌ಬರ್ಗ್‌ನಲ್ಲಿ ಜನಿಸಿದ ಅಲೆಕ್ಸಾಂಡ್ರೋವ್, ಖ್ಯಾತ ನಿರ್ದೇಶಕ ಸೆರ್ಗೆಯ್ ಐಸೆನ್‌ಸ್ಟೀನ್ ಅವರ ಗರಡಿಯಲ್ಲಿ ಪಳಗಿದವರು. 'ಬ್ಯಾಟಲ್‌ಶಿಪ್ ಪೊಟೆಮ್ಕಿನ್' (1925) ಚಿತ್ರದಲ್ಲಿ ಸಹಾಯಕರಾಗಿ ದುಡಿದುದಲ್ಲದೆ ನೌಕಾಧಿಕಾರಿಯ ಪಾತ್ರವನ್ನೂ ವಹಿಸಿದರು. 'ಅಕ್ಟೋಬರ್' (1928) ಚಿತ್ರಕ್ಕೆ ಸಹನಿರ್ದೇಶಕರಾದರು. 1929ರಲ್ಲಿ ಗುರುವಿನೊಡನೆ ಯುರೋಪ್, ಹಾಲಿವುಡ್ ಹಾಗೂ ಮೆಕ್ಸಿಕೋ ಪ್ರವಾಸ ಕೈಗೊಂಡು 1932ರಲ್ಲಿ ಸ್ವದೇಶಕ್ಕೆ ಮರಳಿದರು. ಆಗ ತಾನೇ ಮಾತು ಕಲಿತಿದ್ದ ಅಮೆರಿಕದ ಸಿನಿಮಾವನ್ನು ಹತ್ತಿರದಿಂದ ಕಂಡದ್ದು ಮುಂದಿನ ಚಿತ್ರಗಳಿಗೆ ನೆರವಾಯಿತು.

ಹೆಸರಾಂತ ಸಂಗೀತ ನಿರ್ದೇಶಕನೆಂದು ತಪ್ಪಾಗಿ ಭಾವಿಸಲಾದ ಕುರುಬನೊಬ್ಬನ ಕಥೆಯುಳ್ಳ 'ಜಾಲಿ ಫೆಲೋಸ್' (1934) ಅವರಿಗೆ ಕೀರ್ತಿ ತಂದಿತು. ಜಾಜ್ ಗಾಯಕ ಲಿಯೊನಿದ್ ಉತ್ಯೋಸೊವ್ ನಾಯಕರಾಗಿದ್ದ ಈ ಚಿತ್ರದಿಂದ ನಟಿ ಲ್ಯುಬೋವ್ ಓರ್ಲೋವಾ ತಾರೆಯಾದರು. ಆಕೆ ಅಲೆಕ್ಸಾಂಡ್ರೋವ್ ಅವರ ಪತ್ನಿಯೂ ಆದರು. ಇಸಾಕ್ ದುನಾಯೆವ್‌ಸ್ಕಿ ಅವರ ಸಂಗೀತ ಮನೆಮಾತಾಯಿತು. ಆದರೆ ಚಿತ್ರಕಥೆ ಬರೆದಿದ್ದ ನಿಕೊಲಾಯ್ ಎರ್ದ್‌ಮನ್ ಮತ್ತು ವ್ಲಾದಿಮಿರ್ ಮಾಸ್ ಚಿತ್ರೀಕರಣ ನಡೆದಿರುವಾಗಲೇ, 1933ರಲ್ಲಿ ಬಂಧಿತರಾಗಿ ಗಡೀಪಾರಾದರು. ತೆರೆಯ ಮೇಲಿನ ಹೆಸರುಪಟ್ಟಿಯಲ್ಲಿ ಅವರಿಗೆ ಸ್ಥಾನ ಸಿಗಲಿಲ್ಲ.

'ಸರ್ಕಸ್' (1936) ಚಿತ್ರದ ನಾಯಕಿ, ಕಪ್ಪುವರ್ಣದ ಮಗುವನ್ನು ಹೆತ್ತ ಕಾರಣಕ್ಕೆ ಅಮೆರಿಕ ತೊರೆದು ಬಂದ ಕಲಾವಿದೆ. ಕೊನೆಗೆ ಸರ್ಕಸ್ ನೋಡಲು ಬಂದ ಜನರೇ ಮಗುವನ್ನು ಕೈಯಿಂದ ಕೈಗೆ ಎತ್ತಿಕೊಂಡು ಹಲವು ಭಾಷೆಗಳಲ್ಲಿ ಜೋಗುಳ ಹಾಡುತ್ತಾರೆ. ಯಿದ್ದಿಶ್ ಭಾಷೆಯ ಸಾಲುಗಳನ್ನು ಹಾಡಿದವರು ಯಹೂದಿ ರಂಗನಟ ಸೊಲೊಮನ್ ಮಿಖೋಯೆಲ್ಸ್. 1948ರಲ್ಲಿ ಸ್ಟಾಲಿನ್ ಆದೇಶದಂತೆ ಅವರ ಹತ್ಯೆಯಾಯಿತು. ಆನಂತರ ಆ ದೃಶ್ಯಕ್ಕೆ ಕತ್ತರಿ ಬಿತ್ತು. ಅದು ಚಿತ್ರಕ್ಕೆ ಮರಳಿದ್ದು ಸ್ಟಾಲಿನ್ ಕಾಲ ಮುಗಿದ ಮೇಲೆಯೇ.

ಅಧಿಕಾರಶಾಹಿಯನ್ನು ಗೇಲಿ ಮಾಡುವ 'ವೋಲ್ಗಾ-ವೋಲ್ಗಾ' (1938) ಸ್ವತಃ ಸ್ಟಾಲಿನ್‌ಗೆ ಅಚ್ಚುಮೆಚ್ಚಿನ ಚಿತ್ರವಾಗಿತ್ತು. ಅದರ ಛಾಯಾಗ್ರಾಹಕರಲ್ಲಿ ಒಬ್ಬರಾದ ವ್ಲಾದಿಮಿರ್ ನೀಲ್ಸೆನ್ 1937ರಲ್ಲಿ ಬಂಧಿತರಾಗಿ, ಚಿತ್ರ ಬಿಡುಗಡೆಯಾದ ವರ್ಷವೇ ಗುಂಡಿಗೆ ಬಲಿಯಾದರು. 'ಸರ್ಕಸ್' ಹಾಗೂ 'ವೋಲ್ಗಾ-ವೋಲ್ಗಾ' ಚಿತ್ರಗಳಿಗಾಗಿ ಅಲೆಕ್ಸಾಂಡ್ರೋವ್ ಅವರಿಗೆ 1941ರಲ್ಲಿ ಸ್ಟಾಲಿನ್ ಪ್ರಶಸ್ತಿ ಸಂದಿತು.

ಓರ್ಲೋವಾ ದ್ವಿಪಾತ್ರದಲ್ಲಿ ನಟಿಸಿದ 'ಸ್ಪ್ರಿಂಗ್' (1947) ಬಳಿಕ ಅವರ ಹಾಸ್ಯಚಿತ್ರಗಳ ಸುಗ್ಗಿ ಮುಗಿಯಿತು. 'ರಷ್ಯನ್ ಸುವೆನೀರ್' (1960) ವಿಮರ್ಶಕರ ಟೀಕೆಗೆ ಗುರಿಯಾಯಿತು. ಮೆಕ್ಸಿಕೋದಲ್ಲಿ ಐಸೆನ್‌ಸ್ಟೀನ್ ಚಿತ್ರೀಕರಿಸಿದ್ದ, ಸಂಕಲಿಸುವ ಅವಕಾಶ ಅವರಿಗೆ ಕೊನೆಗೂ ಒದಗದ ದೃಶ್ಯಗಳನ್ನು ಅಲೆಕ್ಸಾಂಡ್ರೋವ್ 1979ರಲ್ಲಿ ಜೋಡಿಸಿ ತೆರೆಗೆ ತಂದರು. ಗುರುವಿನ ಕೆಲಸವನ್ನು ಪೂರೈಸಿದ ನಾಲ್ಕು ವರ್ಷಗಳ ಬಳಿಕ, 1983ರ ಡಿಸೆಂಬರ್‌ನಲ್ಲಿ ಮಾಸ್ಕೋದಲ್ಲಿ ನಿಧನರಾದರು.