ಪವರ್ ಫ್ಯಾಕ್ಟರ್ ತಿದ್ದುವ ಕನ್ವರ್ಟರುಗಳಲ್ಲಿ ಡಿಜಿಟಲ್ ನಿಯಂತ್ರಣ: ವಿಳಂಬದ ಲೆಕ್ಕ ಮತ್ತು ಪರಿಹಾರ

ಸಾರಾಂಶ

ಬೂಸ್ಟ್ ಕನ್ವರ್ಟರಿನ ಅನಲಾಗ್ ನಿಯಂತ್ರಕವನ್ನು ತೆಗೆದು ಅದೇ ಸೂತ್ರವನ್ನು ಪ್ರೊಸೆಸರಿಗೆ ಬರೆದ ಮಾತ್ರಕ್ಕೆ ಕರೆಂಟಿನ ಆಕಾರ ಸುಧಾರಿಸದು. ಯಾವ ಕ್ಷಣದಲ್ಲಿ ಅಳೆಯಬೇಕು, ಲೆಕ್ಕಕ್ಕೆ ಹಿಡಿಯುವ ಸಮಯವನ್ನು ಹೇಗೆ ಸರಿದೂಗಿಸಬೇಕು ಎಂಬುದೇ ಇಲ್ಲಿ ನಿರ್ಣಾಯಕ ಎಂದು ಈ ಲೇಖನ ವಾದಿಸುತ್ತದೆ.

ಹಿನ್ನೆಲೆ

ಡಯೋಡ್ ಬ್ರಿಜ್ಜಿನ ಹಿಂದೆ ದೊಡ್ಡ ಕೆಪಾಸಿಟರ್ ಇದ್ದರೆ ಉಪಕರಣವು ವೋಲ್ಟೇಜಿನ ಶಿಖರದ ಆಸುಪಾಸಿನಲ್ಲಷ್ಟೇ ಕರೆಂಟ್ ಎಳೆಯುತ್ತದೆ. ಇದರಿಂದ ಹುಟ್ಟುವ ಹಾರ್ಮೋನಿಕ್‌ಗಳಿಗೆ ಐಇಸಿ 61000-3-2 ಮಾನಕ ಮಿತಿ ಹಾಕಿದೆ. ಈ ಮಿತಿಯೊಳಗಿರಲು ಬಳಸುವ ಬೂಸ್ಟ್ ಕನ್ವರ್ಟರಿನಲ್ಲಿ ಒಳಲೂಪ್ ಇಂಡಕ್ಟರ್ ಕರೆಂಟನ್ನು ವೋಲ್ಟೇಜಿನ ಆಕಾರಕ್ಕೆ ಹೊಂದಿಸುತ್ತದೆ. ಹೊರಲೂಪ್ ಔಟ್‌ಪುಟ್ಟನ್ನು ಸುಮಾರು 400 ವೋಲ್ಟಿನಲ್ಲಿ ನಿಲ್ಲಿಸುತ್ತದೆ.

ಕರೆಂಟ್ ಲೂಪ್

ಸ್ವಿಚಿಂಗ್ 100 ಕಿಲೋಹರ್ಟ್ಜ್ ಎಂದುಕೊಳ್ಳೋಣ. ಈ ಚಕ್ರದಲ್ಲಿ ಅಳೆದು ಲೆಕ್ಕ ಹಾಕಿದ ಡ್ಯೂಟಿ ಮುಂದಿನ ಚಕ್ರದಲ್ಲಿ ಜಾರಿಗೆ ಬರುತ್ತದೆ. ಪಿಡಬ್ಲ್ಯುಎಂ ಇನ್ನರ್ಧ ಚಕ್ರ ಸೇರಿಸುತ್ತದೆ. ಒಟ್ಟು ವಿಳಂಬ 15 ಮೈಕ್ರೋಸೆಕೆಂಡ್. ಲೂಪಿನ ಕ್ರಾಸೋವರ್ 8 ಕಿಲೋಹರ್ಟ್ಜ್ ಆದರೆ ಇದೊಂದರಿಂದಲೇ 43 ಡಿಗ್ರಿ ಫೇಸ್ ನಷ್ಟವಾಗುತ್ತದೆ. 5 ಕಿಲೋಹರ್ಟ್ಜ್‌ಗೆ ಇಳಿಸಿದರೆ 27 ಡಿಗ್ರಿ. ಆದರೆ ಹಾಗೆ ಇಳಿಸಿದರೆ ಸೊನ್ನೆ ದಾಟುವೆಡೆ ಕರೆಂಟ್ ಹಿಂದೆ ಬೀಳುತ್ತದೆ.

ಈ ಇಕ್ಕಟ್ಟಿಗೆ ಫೀಡ್‌ಫಾರ್ವರ್ಡ್ ಪರಿಹಾರ. ಇಂಡಕ್ಟರಿನಲ್ಲಿ ಕರೆಂಟ್ ಸತತವಾಗಿ ಹರಿಯುವಾಗ ಬೇಕಾದ ಡ್ಯೂಟಿ ಹೆಚ್ಚುಕಡಿಮೆ ಮೊದಲೇ ಗೊತ್ತು: ಇನ್‌ಪುಟ್ ವೋಲ್ಟೇಜನ್ನು ಔಟ್‌ಪುಟ್ಟಿನಿಂದ ಭಾಗಿಸಿ 1ರಿಂದ ಕಳೆದರಾಯಿತು. ಇದನ್ನು ನೇರವಾಗಿ ಕೊಟ್ಟರೆ ಲೂಪಿಗೆ ಉಳಿಯುವುದು ಸಣ್ಣ ತಿದ್ದುಪಡಿ ಮಾತ್ರ.

ಸ್ವಿಚ್ ಆನ್ ಇರುವ ಅವಧಿಯ ನಟ್ಟನಡುವೆ ಅಳೆದರೆ ಸರಾಸರಿ ಕರೆಂಟೇ ಕೈಗೆ ಸಿಗುತ್ತದೆ, ಸ್ವಿಚಿಂಗ್ ಗದ್ದಲವೂ ತಟ್ಟುವುದಿಲ್ಲ. ಆದರೆ ಲೋಡ್ ಕಡಿಮೆಯಾಗಿ ಇಂಡಕ್ಟರ್ ಪ್ರತಿ ಚಕ್ರದಲ್ಲೂ ಬರಿದಾಗತೊಡಗಿದಾಗ ಇದೇ ಅಳತೆ ಸರಾಸರಿಗಿಂತ ಹೆಚ್ಚು ತೋರಿಸುತ್ತದೆ. ಚಕ್ರದಲ್ಲಿ ಕರೆಂಟ್ ಹರಿದ ಪಾಲಿನಿಂದ ಅದನ್ನು ಗುಣಿಸಿ ತಿದ್ದಬೇಕು.

ವೋಲ್ಟೇಜ್ ಲೂಪ್

1 ಕಿಲೋವ್ಯಾಟ್ ಲೋಡ್, 680 ಮೈಕ್ರೋಫ್ಯಾರಡ್ ಕೆಪಾಸಿಟರ್ ಇದ್ದಲ್ಲಿ ಔಟ್‌ಪುಟ್ ವೋಲ್ಟೇಜು 100 ಹರ್ಟ್ಜ್‌ನಲ್ಲಿ ಸುಮಾರು 12 ವೋಲ್ಟ್ ಏರಿಳಿಯುತ್ತದೆ. ಈ ಏರಿಳಿತ ಕರೆಂಟಿನ ರೆಫರೆನ್ಸಿಗೆ ನುಸುಳಿದರೆ ಮೂರನೆಯ ಹಾರ್ಮೋನಿಕ್ ಹುಟ್ಟುತ್ತದೆ. ಅದಕ್ಕೆಂದೇ ವಾಡಿಕೆಯ ವಿನ್ಯಾಸದಲ್ಲಿ ಲೂಪನ್ನು 10–20 ಹರ್ಟ್ಜ್‌ಗೆ ಕಟ್ಟಿಹಾಕುತ್ತಾರೆ. ಇದರಿಂದ ಲೋಡ್ ಬದಲಾದಾಗ ವೋಲ್ಟೇಜು ಸಾವರಿಸಿಕೊಳ್ಳಲು ತಡವಾಗುತ್ತದೆ. ಪ್ರೊಸೆಸರಿನಲ್ಲಾದರೆ 100 ಹರ್ಟ್ಜನ್ನಷ್ಟೇ ತಡೆಯುವ ನಾಚ್ ಫಿಲ್ಟರ್ ಇರಿಸಿ ಲೂಪನ್ನು ಚುರುಕುಗೊಳಿಸಬಹುದು. ಸರಬರಾಜಿನ ಆವರ್ತನ 50 ಹರ್ಟ್ಜ್‌ನಿಂದ ಅತ್ತಿತ್ತ ಸರಿಯುವುದರಿಂದ ಫಿಲ್ಟರ್ ಅದನ್ನು ಅಳೆಯುತ್ತಾ ಹಿಂಬಾಲಿಸಬೇಕು.

ಸಮಾರೋಪ

ಈ ಪರಿಹಾರಗಳಿಗೆ ಬೇಕಾಗುವುದು ಕೆಲವು ಗುಣಾಕಾರ, ಒಂದೆರಡು ಭಾಗಾಕಾರ. ಸಾಧಾರಣ ಬೆಲೆಯ ಮೈಕ್ರೋಕಂಟ್ರೋಲರಿಗೂ ನಿಲುಕುವಂಥವು. ಆದ್ದರಿಂದ ಜಟಿಲ ಅಲ್ಗಾರಿದಮ್ಮಿಗೆ ಕೈಹಾಕುವ ಮೊದಲು ವಿನ್ಯಾಸಕಾರರು ಅಳತೆಯ ಕ್ಷಣವನ್ನೂ ವಿಳಂಬವನ್ನೂ ಕಾಗದದ ಮೇಲೆ ಲೆಕ್ಕ ಹಾಕಿ ಖಚಿತಪಡಿಸಿಕೊಳ್ಳಬೇಕು.