ಡಯಾಟಮೈಟ್–ಟೈಟಾನಿಯಾ ಮತ್ತು ಮೆಥಿಲೀನ್ ನೀಲಿ: ‘ಶೇಕಡಾ ನಿವಾರಣೆ’ಯ ಲೆಕ್ಕ ಕುರಿತು ಒಂದು ಟಿಪ್ಪಣಿ

1. ವ್ಯಾಪ್ತಿ

ಡಯಾಟಮ್ ಪಾಚಿಗಳ ಚಿಪ್ಪಿನಿಂದಾದ ಡಯಾಟಮೈಟ್ ಬಹುಪಾಲು ಅಸ್ಫಟಿಕ ಸಿಲಿಕಾ. ಅದರ ರಂಧ್ರಮಯ ಮೇಲ್ಮೈಗೆ ಟೈಟಾನಿಯಂ ಡೈಆಕ್ಸೈಡ್ (ಟೈಟಾನಿಯಾ) ಲೇಪಿಸಿ ದ್ಯುತಿವೇಗವರ್ಧಕವಾಗಿ ಬಳಸಿ ನೀರಿನಿಂದ ಮೆಥಿಲೀನ್ ನೀಲಿ ಎಂಬ ಬಣ್ಣವನ್ನು ತೆಗೆದಾಗ, ಫಲಿತಾಂಶವನ್ನು ಹಲವು ವೇಳೆ ‘ಶೇಕಡಾ ನಿವಾರಣೆ’ ಎಂಬ ಒಂದೇ ಅಂಕಿಯಲ್ಲಿ ಕೊಡಲಾಗುತ್ತದೆ. ಆ ಅಂಕಿಯಲ್ಲಿ ಬೆರೆತಿರಬಹುದಾದ ಅಂಶಗಳನ್ನು ಇಲ್ಲಿ ಬೇರ್ಪಡಿಸಿದೆ.

2. ಕ್ರಿಯಾಶೀಲ ಘಟಕ

ಸಿಲಿಕಾದ ಬ್ಯಾಂಡ್ ಅಂತರ ಸುಮಾರು 9 ಎಲೆಕ್ಟ್ರಾನ್ ವೋಲ್ಟ್; ನೆಲಕ್ಕೆ ತಲುಪುವ ಸೂರ್ಯನ ಬೆಳಕು ಅದನ್ನು ಉದ್ದೀಪಿಸಲಾರದು. ಅನಟೇಸ್ ಟೈಟಾನಿಯಾದಲ್ಲಿ ಅದು ಸುಮಾರು 3.2, ಅಂದರೆ 387 ನ್ಯಾನೊಮೀಟರ್‌ಗಿಂತ ಕಡಿಮೆ ತರಂಗಾಂತರದ ಬೆಳಕು ಬೇಕು. ಆದ್ದರಿಂದ ಸಿಲಿಕಾ ಇಲ್ಲಿ ಪ್ರಧಾನವಾಗಿ ಆಧಾರ ಮತ್ತು ಅಧಿಶೋಷಕ. ಬೆಳಕಿನಿಂದ ನೀರನ್ನು ವಿಭಜಿಸಿದ 1972ರ ಪ್ರಯೋಗದಲ್ಲಿ ಫುಜಿಶಿಮಾ ಮತ್ತು ಹೊಂಡಾ ಬಳಸಿದ್ದು ಟೈಟಾನಿಯಾದ ಇನ್ನೊಂದು ಸ್ಫಟಿಕ ರೂಪವಾದ ರೂಟೈಲ್‌ನ ವಿದ್ಯುದಗ್ರ. ಅನಟೇಸ್ ಪ್ರಯೋಗಗಳಿಗೆ ಅದನ್ನು ಉಲ್ಲೇಖಿಸುವಾಗ ಈ ವ್ಯತ್ಯಾಸ ಗಮನದಲ್ಲಿರಬೇಕು.

3. ಕತ್ತಲೆಯ ಅಧಿಶೋಷಣೆ

ಸಿಲಿಕಾದ ಶೂನ್ಯ ವಿದ್ಯುದಂಶ ಬಿಂದು ಸುಮಾರು ಪಿಎಚ್ 2–3. ತಟಸ್ಥ ನೀರಿನಲ್ಲಿ ಅದರ ಮೇಲ್ಮೈ ಋಣಾತ್ಮಕ. ಹಾಗಾಗಿ ಅದು ಧನ ಅಯಾನಿಕ ಮೆಥಿಲೀನ್ ನೀಲಿಯನ್ನು ಬೆಳಕಿಲ್ಲದೆಯೂ ಸೆಳೆಯುತ್ತದೆ. ಹತ್ತಿಬಟ್ಟೆಗೆ ಹಾಕುವ ರಿಯಾಕ್ಟಿವ್ ಬಣ್ಣಗಳು ಸಾಮಾನ್ಯವಾಗಿ ಋಣ ಅಯಾನಿಕ. ಹಾಗಾಗಿ ಮೆಥಿಲೀನ್ ನೀಲಿಯ ಫಲಿತಾಂಶವನ್ನು ಬಣ್ಣದ ಕಾರ್ಖಾನೆಯ ತ್ಯಾಜ್ಯನೀರಿಗೆ ನೇರವಾಗಿ ಅನ್ವಯಿಸಲು ಆಧಾರ ಸಾಲದು.

4. ತೂಕದ ವ್ಯತ್ಯಾಸ

ನಿರ್ಜಲ ಮೆಥಿಲೀನ್ ನೀಲಿಯ ಅಣುತೂಕ 319.85; ಟ್ರೈಹೈಡ್ರೇಟ್‌ನದು 373.9. ಲೀಟರಿಗೆ 10 ಮಿಲಿಗ್ರಾಂ ಕರಗಿಸಿದರೆ ಮೊದಲನೆಯದರಲ್ಲಿ ಇಂಗಾಲ 6.0 ಮಿಲಿಗ್ರಾಂ, ಎರಡನೆಯದರಲ್ಲಿ 5.1. ಯಾವ ರೂಪವೆಂದು ನಮೂದಿಸದಿದ್ದರೆ ಆರಂಭಿಕ ಸಾರತೆಯಲ್ಲೇ ಸುಮಾರು ಶೇ. 14ರಷ್ಟು ಅನಿಶ್ಚಿತತೆ ಉಳಿಯುತ್ತದೆ.

5. ಬಣ್ಣ ಮತ್ತು ಇಂಗಾಲ

ಮೆಥಿಲೀನ್ ನೀಲಿಯ ಹೀರಿಕೆಯ ಶಿಖರ ಸುಮಾರು 664 ನ್ಯಾನೊಮೀಟರ್. ಮೀಥೈಲ್ ಗುಂಪುಗಳು ಕಳಚಿದಂತೆ ಶಿಖರ ಕಿರಿದಾದ ತರಂಗಾಂತರದತ್ತ ಸರಿಯುತ್ತದೆ. 664ರಲ್ಲಷ್ಟೇ ಅಳೆದರೆ, ಅಣುವಿನ ಚೌಕಟ್ಟು ಉಳಿದಿದ್ದರೂ ಅದು ನಾಶವಾದಂತೆ ಕಾಣಬಹುದು. ಬಣ್ಣವೇ ಗೋಚರ ಬೆಳಕನ್ನು ಹೀರಿ ಟೈಟಾನಿಯಾಕ್ಕೆ ಎಲೆಕ್ಟ್ರಾನ್ ನೀಡಬಲ್ಲದು. ಆದ್ದರಿಂದ ಗೋಚರ ಬೆಳಕಿನಲ್ಲಿ ಬಣ್ಣ ಮಾಸುವುದೊಂದೇ ವೇಗವರ್ಧಕದ ಸ್ವಂತ ಕ್ರಿಯಾಶೀಲತೆಗೆ ಪುರಾವೆಯಾಗದು.

6. ತಾತ್ಕಾಲಿಕ ನಿಲುವು

ಕತ್ತಲೆಯ ಅಧಿಶೋಷಣೆ, ಪೂರ್ಣ ವರ್ಣಪಟಲದಲ್ಲಿ ಕಂಡ ಬಣ್ಣದ ಇಳಿಕೆ, ಒಟ್ಟು ಸಾವಯವ ಇಂಗಾಲದ ಇಳಿಕೆ: ಇವು ಮೂರು ಪ್ರತ್ಯೇಕ ಅಂಕಿಗಳು. ಮೂರನೆಯದು, ಅಧಿಶೋಷಣೆಯನ್ನು ಕಳೆದ ಮೇಲೆ, ಖನಿಜೀಕರಣಕ್ಕೆ (ಅಣು ಪೂರ್ಣವಾಗಿ ಒಡೆದು ಸರಳ ಅಜೈವಿಕ ವಸ್ತುಗಳಾಗುವುದಕ್ಕೆ) ಹೆಚ್ಚು ಹತ್ತಿರದ ಅಳತೆ ಎನ್ನಬಹುದು. ಮೂರೂ ಒಟ್ಟಿಗೆ ಇರದ ವರದಿಗಳನ್ನು ಪರಸ್ಪರ ಹೋಲಿಸುವುದು ಸೂಕ್ತವಲ್ಲ.